ಗ್ಲಾಸ್ಗೋ ಕೆಥೆಡ್ರಲ್: ಬಳಕೆಯಿಂದ ಉಳಿದ ಕಟ್ಟಡ

ಸ್ಕಾಟ್ಲೆಂಡಿನ ಮಧ್ಯಯುಗೀನ ಕೆಥೆಡ್ರಲ್‌ಗಳಲ್ಲಿ ಹಲವು ಇಂದು ಸೂರಿಲ್ಲದ ಗೋಡೆಗಳಾಗಿ ನಿಂತಿವೆ. ಆದರೆ ಗ್ಲಾಸ್ಗೋದ ಕೆಥೆಡ್ರಲ್ ಬಹುಮಟ್ಟಿಗೆ ಅಖಂಡವಾಗಿ ಉಳಿದಿದೆ. ಈ ಉಳಿವಿನ ಕಾರಣವನ್ನು ಅದರ ಶಿಲ್ಪವೈಭವದಲ್ಲಿ ಹುಡುಕಿದರೆ ಸಿಗದು. ಅದು ಊರವರು ಕಟ್ಟಡವನ್ನು ಬಳಸಿದ ರೀತಿಯಲ್ಲಿದೆ.

ಮುಂಗೋ ಎಂಬ ಪ್ರೀತಿಯ ಹೆಸರಿನಿಂದ ಪ್ರಸಿದ್ಧನಾದ ಸಂತ ಕೆಂಟಿಗರ್ನನ ಸಮಾಧಿ ಇಲ್ಲಿದೆಯೆಂಬುದು ಪರಂಪರಾಗತ ನಂಬಿಕೆ. ಇಲ್ಲಿನ ಮೊದಲ ಶಿಲಾ ಕೆಥೆಡ್ರಲ್ 1136ರಲ್ಲಿ ದೊರೆ ಒಂದನೆಯ ಡೇವಿಡ್‌ನ ಸಮ್ಮುಖದಲ್ಲಿ ಸಮರ್ಪಿತವಾಯಿತು. ಅದು ಬೆಂಕಿಗೆ ಆಹುತಿಯಾದ ಬಳಿಕ ಬಿಷಪ್ ಜೋಸಲಿನನ ಕಾಲದಲ್ಲಿ, 1197ರಲ್ಲಿ, ಹೊಸ ಕಟ್ಟಡದ ಪ್ರತಿಷ್ಠೆ ನಡೆಯಿತು. ಈಗ ಕಾಣುವ ಪೂರ್ವಭಾಗ 13ನೆಯ ಶತಮಾನದಲ್ಲಿ ಬಿಷಪ್ ವಿಲಿಯಂ ಡಿ ಬಾಂಡಿಂಗ್ಟನ್ ಕೈಗೊಂಡ ನಿರ್ಮಾಣ.

ನಿವೇಶನದ ನೆಲ ಪೂರ್ವಕ್ಕೆ ಇಳಿಜಾರು. ಮೇಲಿನ ಪೂಜಾಭಾಗದ ನೆಲವನ್ನು ಸಮತಟ್ಟಾಗಿಸಲು ಅದರ ಕೆಳಗೆ ಇನ್ನೊಂದು ಚರ್ಚನ್ನೇ ಕಟ್ಟಲಾಯಿತು. ಇದು ನೆಲದಡಿಯ ಕತ್ತಲಕೋಣೆಯಲ್ಲ. ಗೋಡೆಯ ಕಿಟಕಿಗಳಿಂದ ಬೆಳಕು ಒಳಬರುತ್ತದೆ. ಸಂತನ ಸಮಾಧಿಸ್ಥಾನವನ್ನು ನಾಲ್ಕು ಕಂಬಗಳು ಸುತ್ತುವರಿದಿವೆ. ಭೂಮಿಯ ಕೊರತೆಯನ್ನು ವಾಸ್ತುಶಿಲ್ಪಿಗಳು ಹೀಗೆ ಯಾತ್ರಾಸ್ಥಳದ ಗರ್ಭವನ್ನಾಗಿ ಮಾರ್ಪಡಿಸಿದರು.

1560ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಪೋಪನ ಅಧಿಕಾರವನ್ನು ತಿರಸ್ಕರಿಸಿತು. ಆರ್ಚ್‌ಬಿಷಪ್ ಜೇಮ್ಸ್ ಬೀಟನ್ ದಾಖಲೆಗಳೊಡನೆ ಫ್ರಾನ್ಸಿಗೆ ತೆರಳಿದನು. ಸಂತಪೂಜೆ ನಿಂತ ಮೇಲೆ ಇಂಥ ಬೃಹತ್ ಕಟ್ಟಡಗಳಿಗೆ ಉದ್ದೇಶವೇ ಇಲ್ಲವಾಯಿತು. ಉತ್ತರದ ಎಲ್ಗಿನ್ ಕೆಥೆಡ್ರಲಿನ ಚಾವಣಿಯ ಸೀಸವನ್ನು ಕೆಲವೇ ವರ್ಷಗಳಲ್ಲಿ ಕಿತ್ತೊಯ್ಯಲಾಯಿತು. 1711ರಲ್ಲಿ ಅದರ ನಡುಗೋಪುರ ಕುಸಿಯಿತು. ಗ್ಲಾಸ್ಗೋದಲ್ಲಿಯೂ ಚಾವಣಿ ಶಿಥಿಲವಾಗಿತ್ತು. ಆದರೆ 1574ರಲ್ಲಿ ನಗರಾಡಳಿತ ಮತ್ತು ಕುಶಲಕರ್ಮಿಗಳ ಸಂಘಗಳ ಮುಖಂಡರು ಕೂಡಿ ದುರಸ್ತಿಗಾಗಿ ತೆರಿಗೆ ವಿಧಿಸಿದರು.

ಮುಂದೆ ಅಡ್ಡಗೋಡೆಗಳೆದ್ದು, ಒಂದೇ ಸೂರಿನಡಿ ಮೂರು ಸಭೆಗಳು ಪ್ರಾರ್ಥನೆ ನಡೆಸಿದವು. ಬ್ಯಾರನಿ ಎಂಬ ಸಭೆಗೆ ದೊರೆತದ್ದು ಕೆಳಚರ್ಚು. ವಾಲ್ಟರ್ ಸ್ಕಾಟ್‌ನ 'ರಾಬ್ ರಾಯ್' ಕಾದಂಬರಿಯ ನಿರೂಪಕನಿಗೆ ಅಪಾಯದ ಮುನ್ಸೂಚನೆ ಪಿಸುದನಿಯಲ್ಲಿ ಕೇಳಿಸುವುದು ಈ ಕಂಬಗಳ ನಡುವೆಯೇ. ಅಡ್ಡಗೋಡೆಗಳು ಮೂಲ ವಿನ್ಯಾಸವನ್ನು ಕೆಡಿಸಿದವು, ನಿಜ. ಆದರೆ ಸೂರನ್ನು ಕಾಯುವ ಹೊಣೆಗಾರರನ್ನು ಒದಗಿಸಿದವು.

19ನೆಯ ಶತಮಾನದಲ್ಲಿ ಆ ಗೋಡೆಗಳು ಮರೆಯಾದವು. ಅದೇ ಶತಮಾನದ 1840ರ ದಶಕದಲ್ಲಿ, ಜೀರ್ಣೋದ್ಧಾರದ ಹೆಸರಿನಲ್ಲಿಯೇ, ಪಶ್ಚಿಮದ ಎರಡು ಪುರಾತನ ಗೋಪುರಗಳನ್ನು ಕೆಡವಲಾಯಿತು. ಮತಕ್ರಾಂತಿಯನ್ನು ದಾಟಿ ಬಂದ ಗೋಪುರಗಳು ಪ್ರಾಚೀನತೆಯ ಅಭಿಮಾನಿಗಳ ಕಾಲದಲ್ಲಿ ಅಳಿದವು. ಕಟ್ಟಡದ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದವರ ಹೆಸರುಗಳೊಡನೆ ದುರಸ್ತಿ ಮಾಡಿಸಿದವರ ಲೆಕ್ಕವನ್ನೂ ಓದಬೇಕಾದುದು ಇದಕ್ಕಾಗಿಯೇ.