ಪಾವೆಲ್ ಸುಖೋಯ್: ಪುಣೆಯ ಆಗಸದಲ್ಲಿ ಉಳಿದ ಹೆಸರು

ಪುಣೆಯ ಲೋಹೆಗಾಂವ್ ವಾಯುನೆಲೆಯಿಂದ ಹಾರುವ ಸುಖೋಯ್-30 ಯುದ್ಧವಿಮಾನಕ್ಕೆ ಆ ಹೆಸರು ಬಂದಿದ್ದು ಸೋವಿಯತ್ ವಿಮಾನ ವಿನ್ಯಾಸಕ ಪಾವೆಲ್ ಒಸಿಪೊವಿಚ್ ಸುಖೋಯ್ ಅವರಿಂದ. 1895ರಲ್ಲಿ ಇಂದಿನ ಬೆಲಾರುಸ್‌ನಲ್ಲಿ ಜನಿಸಿದ ಅವರು, ಖ್ಯಾತ ವಿನ್ಯಾಸಕ ಆಂಡ್ರೇ ಟುಪೊಲೆವ್ ಗರಡಿಯಲ್ಲಿ ಪಳಗಿದವರು. ಅವರ ನೇತೃತ್ವದ ತಂಡ ರೂಪಿಸಿದ ಎಎನ್‌ಟಿ-25 ವಿಮಾನ 1937ರಲ್ಲಿ ಮಾಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ, ಎಲ್ಲೂ ಇಳಿಯದೆ ಅಮೆರಿಕ ತಲುಪಿತು.

1939ರಲ್ಲಿ ಆರಂಭವಾದ ಸುಖೋಯ್ ವಿನ್ಯಾಸ ಸಂಸ್ಥೆಯನ್ನು ಸ್ಟಾಲಿನ್ ಆಡಳಿತ 1949ರಲ್ಲಿ ಮುಚ್ಚಿತು. ಸುಖೋಯ್ ಮತ್ತೆ ಟುಪೊಲೆವ್ ಕೈಕೆಳಗೆ ದುಡಿಯಬೇಕಾಯಿತು. ಸ್ಟಾಲಿನ್ ನಿಧನರಾದ 1953ರಲ್ಲೇ ಸಂಸ್ಥೆಗೆ ಮರುಜೀವ ಬಂತು. ಅಲ್ಲಿ ಸಿದ್ಧವಾದ ಸುಖೋಯ್-7 ವಿಮಾನಗಳು 1971ರ ಯುದ್ಧದಲ್ಲಿ ಭಾರತದ ಪರ ಹೋರಾಡಿದವು.

ಸುಖೋಯ್ 1975ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ಅವರ ಕಾಲದಲ್ಲೇ ವಿನ್ಯಾಸ ಶುರುವಾಗಿದ್ದ ಸುಖೋಯ್-27ರ ಮೊದಲ ಮಾದರಿ ಹಾರಿದ್ದು 1977ರಲ್ಲಿ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಅದೇ ವಂಶದ ಸುಖೋಯ್-30 ವಿಮಾನಗಳು 1997ರಲ್ಲಿ ಲೋಹೆಗಾಂವ್‌ನಲ್ಲಿ ವಾಯುಪಡೆ ಸೇರಿದವು. 2002ರಲ್ಲಿ ಭಾರತಕ್ಕೆಂದೇ ರೂಪಿಸಿದ ಎಂಕೆಐ ಮಾದರಿ ಇಲ್ಲಿಗೆ ಬಂತು. ರಾಷ್ಟ್ರಪತಿಗಳಾಗಿದ್ದಾಗ ಅಬ್ದುಲ್ ಕಲಾಂ 2006ರಲ್ಲಿ, ಪ್ರತಿಭಾ ಪಾಟೀಲ್ 2009ರಲ್ಲಿ ಇದೇ ನೆಲೆಯಿಂದ ಸುಖೋಯ್‌ನಲ್ಲಿ ಹಾರಿದ್ದರು. ಬೆಂಗಳೂರು ಮೂಲದ ಎಚ್‌ಎಎಲ್ ತನ್ನ ನಾಸಿಕ್ ಘಟಕದಲ್ಲಿ ಈ ವಿಮಾನಗಳನ್ನು ತಯಾರಿಸಿದೆ. ಒಮ್ಮೆ ಬಾಗಿಲು ಮುಚ್ಚಿದ್ದ ಸಂಸ್ಥೆಯ ವಿಮಾನವೇ ಇಂದು ಭಾರತೀಯ ವಾಯುಪಡೆಯ ಬೆನ್ನೆಲುಬು.