ಜೋಳದ ರೊಟ್ಟಿ ತಿಂದು ಓಡುವ ನಾಯಿಗೆ ‘ಗ್ರೇನ್ ಫ್ರೀ’ ಬೇಕಾ?

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಕರಿಯ ಮೈ ಕೆರೆದುಕೊಳ್ಳೋಕೆ ಶುರು ಮಾಡಿದ. ಮುಧೋಳ ತಳಿಯ ನಾಯಿ, ನಾಲ್ಕು ವರ್ಷದವ. ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಪಟ್ಟದಕಲ್ಲಿನಿಂದ ಪೇಟೆಗೆ ಹೋದಾಗ ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ ವಿಚಾರಿಸಿದೆ. “ಊಟಕ್ಕ ಏನ್ ಹಾಕ್ತೀರಿ?” ಅಂದರು. ಜೋಳದ ರೊಟ್ಟಿ, ಹಾಲು, ಆಗಾಗ ತತ್ತಿ ಅಂದೆ. “ಅದಕ್ಕರೀ ಮತ್ತ! ನಾಯಿ ಅಂದ್ರ ತೋಳದ ಜಾತಿ. ಕಾಳುಕಡಿ ಅದಕ್ಕ ಆಗಂಗಿಲ್ಲ. ಗ್ರೇನ್ ಫ್ರೀ ತಗೊಂಡ್ ಹೋಗ್ರಿ” ಅಂತ ಒಂದು ಚೀಲ ಮುಂದಿಟ್ಟರು. ಚೀಲದ ಮೇಲೆ ತೋಳದ ಚಿತ್ರ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ನಮ್ಮ ಮನೆಗೆ ಒಂದೂವರೆ ತಿಂಗಳಿಗೆ ಸಾಕಾಗುವಷ್ಟು ಜೋಳ ಬರುತ್ತಿತ್ತು.

ಮೂರು ತಿಂಗಳು ಹಾಕಿದೆ. ಕೆರೆತ ನಿಲ್ಲಲಿಲ್ಲ. ಕೊನೆಗೆ ಪಶುವೈದ್ಯರು ಬಾಚಣಿಗೆ ಹಾಕಿ ಬಾಚಿ ತೋರಿಸಿದರು: ಚಿಗಟ. ಚಿಗಟದ ಜೊಲ್ಲಿಗೆ ಆದ ಅಲರ್ಜಿ. ಔಷಧಿ ಹಾಕಿದ ಮೇಲೆ ಹದಿನೈದು ದಿನದಲ್ಲಿ ಅವನು ಸುಮ್ಮನಾದ. ನನಗೆ ಮಾತ್ರ ಸುಮ್ಮನಿರೋಕಾಗಲಿಲ್ಲ. ಜೋಳದ ಮೇಲೆ ಈ ಆಪಾದನೆ ಬಂದದ್ದೆಲ್ಲಿಂದ ಅಂತ ಹುಡುಕತೊಡಗಿದೆ.

ಮೊದಲು ಆ ಚೀಲದ ಹಿಂಬದಿ ಓದೋಣ. ಮಾಂಸದ ಹೆಸರಾದ ಮೇಲೆ ಬಟಾಣಿ, ಮಸೂರ, ಕಡಲೆ, ಆಲೂಗಡ್ಡೆ. ಶಾಲೆಯಲ್ಲಿ ನಾವು ಬೇಳೆಕಾಳುಗಳನ್ನು ‘ದ್ವಿದಳ ಧಾನ್ಯ’ ಅಂತಲೇ ಕಲಿತದ್ದು. ನವಧಾನ್ಯದ ಬಟ್ಟಲಲ್ಲಿ ಕಡಲೆ, ಹೆಸರು, ಉದ್ದು ಎಲ್ಲವೂ ಇರುತ್ತವೆ. ಹಾಗಾಗಿ ಕನ್ನಡದಲ್ಲಿ ‘ಧಾನ್ಯರಹಿತ’ ಅಂತ ಬರೆದು ಮಸೂರ ತುಂಬಿದರೆ ಯಾರೂ ನಂಬಲ್ಲ. ಇಂಗ್ಲಿಷಿನಲ್ಲಿ ‘ಗ್ರೇನ್’ ಅಂದರೆ ಗೋಧಿ, ಅಕ್ಕಿ, ಜೋಳದಂಥ ಏಕದಳ ಧಾನ್ಯಗಳಷ್ಟೇ. ಅವನ್ನು ತೆಗೆದು ಬೇಳೆ ಹಾಕಿದ್ದಾರೆ, ಅಷ್ಟೇ. ಒಣ ಗುಳಿಗೆಯ ರೂಪಕ್ಕೆ ಬರಬೇಕಾದರೆ ಯಾವುದೋ ಒಂದು ಪಿಷ್ಟ ಬೇಕೇ ಬೇಕು. ಆದ್ದರಿಂದ ‘ಗ್ರೇನ್ ಫ್ರೀ’ ಅಂದರೆ ಪಿಷ್ಟ ಇಲ್ಲ ಅಂತಲೂ ಅಲ್ಲ, ಮಾಂಸ ಜಾಸ್ತಿ ಅಂತಲೂ ಅಲ್ಲ.

ಇನ್ನು ತೋಳದ ವಾದ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿದ ಅಧ್ಯಯನ ಪ್ರಕಟಿಸಿದರು. ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುವ ಒಂದು ವಂಶವಾಹಿ ಇದೆ, ಹೆಸರು ಎಎಂವೈ2ಬಿ. ತೋಳದಲ್ಲಿ ಅದರ ಪ್ರತಿಗಳು ಎರಡು. ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಒಕ್ಕಲುತನ ಶುರುವಾಗಿ ಮನುಷ್ಯರ ಮನೆ ಮುಂದೆ ಬಿದ್ದ ತುತ್ತು ತಿನ್ನುತ್ತಾ ಬಂದ ಪ್ರಾಣಿ ಅದನ್ನು ಅರಗಿಸಿಕೊಳ್ಳಲು ಕಲಿತಿದೆ. ಬೇಯಿಸಿದ ಪಿಷ್ಟ ನಾಯಿಗೆ ಚೆನ್ನಾಗಿಯೇ ಜೀರ್ಣವಾಗುತ್ತದೆ. ಹಾಗಂತ ಧಾನ್ಯ ಇಲ್ಲದಿದ್ದರೆ ನಾಯಿ ಬದುಕಲ್ಲ ಅನ್ನೋದೂ ಸುಳ್ಳು. ಬೆಳೆದ ನಾಯಿಗೆ ಕಾರ್ಬೋಹೈಡ್ರೇಟ್ ಇಷ್ಟೇ ಬೇಕು ಅನ್ನುವ ಕನಿಷ್ಠ ಮಿತಿ ಇಲ್ಲ. ಧಾನ್ಯ ಅಗ್ಗದ, ಜೀರ್ಣವಾಗುವ ಶಕ್ತಿಮೂಲ, ಅಷ್ಟೇ.

ಈ ಫ್ಯಾಷನ್ನಿಗೆ ಒಂದು ಚರಿತ್ರೆಯಿದೆ. 2007ರಲ್ಲಿ ಅಮೆರಿಕದಲ್ಲಿ ನಾಯಿ-ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಚೀನಾದಿಂದ ಬಂದ ಗೋಧಿಯ ಗ್ಲುಟೆನ್‌ನಲ್ಲಿ ಪ್ರೋಟೀನ್ ಹೆಚ್ಚಿದೆ ಅಂತ ತೋರಿಸೋಕೆ ಮೆಲಮಿನ್ ಬೆರೆಸಿದ್ದರು. ಕಂಪನಿಗಳು ರಾಶಿ ರಾಶಿ ಆಹಾರ ವಾಪಸ್ ಪಡೆದವು. ತಪ್ಪು ಮಾಡಿದ್ದು ಕಲಬೆರಕೆ ಮಾಡಿದವರು, ಕೆಟ್ಟ ಹೆಸರು ಬಂದದ್ದು ಗೋಧಿಗೆ. ಮನುಷ್ಯರ ಊಟದಲ್ಲೂ ಆಗ ಗ್ಲುಟೆನ್ ಬೇಡ, ಕಾರ್ಬ್ ಬೇಡ ಅನ್ನುವ ಗಾಳಿ ಬೀಸುತ್ತಿತ್ತು. ‘ಗ್ರೇನ್ ಫ್ರೀ’ ಮಾರೋಕೆ ಅಷ್ಟು ಸಾಕಾಯ್ತು.

ಹೃದಯದ ಪ್ರಶ್ನೆ

ನಾನು ಕಳಕೊಂಡದ್ದು ದುಡ್ಡು ಮಾತ್ರ. ಕೆಲವರು ನಾಯಿಯನ್ನೇ ಕಳಕೊಂಡಿರಬಹುದು. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಒಂದು ಎಚ್ಚರಿಕೆ ಹೊರಡಿಸಿತು. ಡೈಲೇಟೆಡ್ ಕಾರ್ಡಿಯೋಮಯೋಪತಿ, ಅಂದರೆ ಹೃದಯ ಹಿಗ್ಗಿ, ಸ್ನಾಯು ಸೋತು, ರಕ್ತ ತಳ್ಳಲಾಗದ ಸ್ಥಿತಿ. ಡಾಬರ್‌ಮನ್, ಗ್ರೇಟ್ ಡೇನ್‌ನಂಥ ತಳಿಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಆದರೆ ಅಂಥ ಹಿನ್ನೆಲೆಯಿಲ್ಲದ ನಾಯಿಗಳಲ್ಲೂ ಕಾಣಿಸಿಕೊಂಡಿತ್ತು. 2014ರ ಜನವರಿಯಿಂದ 2019ರ ಏಪ್ರಿಲ್‌ವರೆಗೆ ಎಫ್‌ಡಿಎಗೆ 524 ವರದಿ ಬಂದವು. ಅವುಗಳಲ್ಲಿ ಹೆಸರಿಸಿದ ಆಹಾರಗಳಲ್ಲಿ ಶೇ 90ಕ್ಕಿಂತ ಹೆಚ್ಚು ‘ಗ್ರೇನ್ ಫ್ರೀ’. ಶೇ 93ರಲ್ಲಿ ಬಟಾಣಿ ಅಥವಾ ಮಸೂರ, ಇಲ್ಲವೇ ಎರಡೂ ಇದ್ದವು.

ಇಲ್ಲಿ ಅವಸರ ಬೇಡ. ವರದಿ ಅಂದರೆ ಸಾಬೀತಾದ ಕಾರಣ ಅಲ್ಲ. ಸುದ್ದಿ ಹರಡಿದ ಮೇಲೆ ವರದಿ ಮಾಡುವವರೂ ಹೆಚ್ಚಾಗುತ್ತಾರೆ. ಎಷ್ಟು ನಾಯಿಗಳು ಅದೇ ಆಹಾರ ತಿಂದು ಆರಾಮಾಗಿವೆ ಅನ್ನೋದು ಈ ಲೆಕ್ಕದಲ್ಲಿ ಬರಲ್ಲ. ಈ ಮಾಹಿತಿಯಿಂದ ಕಾರಣ-ಪರಿಣಾಮ ಸಾಬೀತಾಗಲ್ಲ ಅಂತ ಎಫ್‌ಡಿಎಯೇ ಹೇಳಿ, ಗಟ್ಟಿಯಾದ ಹೊಸ ವಿಜ್ಞಾನ ಸಿಗುವವರೆಗೆ ಮಾಹಿತಿ ಪ್ರಕಟಿಸಲ್ಲ ಅಂತ 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಆದರೆ ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ: ಆಹಾರ ಬದಲಿಸಿ ಔಷಧಿ ಕೊಟ್ಟ ಮೇಲೆ ಇಂಥ ಕೆಲವು ನಾಯಿಗಳ ಹೃದಯ ಚೇತರಿಸಿಕೊಂಡಿದೆ. ವಂಶಪಾರಂಪರ್ಯದ ಕಾಯಿಲೆಯಲ್ಲಿ ಹಾಗಾಗೋದು ಅಪರೂಪ. ಸಂಶಯ ಇರೋದು ಧಾನ್ಯ ಇಲ್ಲದ್ದರ ಮೇಲಲ್ಲ, ಅದರ ಜಾಗಕ್ಕೆ ಬಂದ ಬೇಳೆಕಾಳಿನ ಪ್ರಮಾಣದ ಮೇಲೆ. ಸಾರಿನಲ್ಲಿ ಉಳಿದ ಎರಡು ಚಮಚ ಬೇಳೆಗೆ ಯಾರೂ ಹೆದರಬೇಕಿಲ್ಲ. ದಿನಾ ಊಟದ ಅರ್ಧ ಬಟಾಣಿ-ಮಸೂರವೇ ಆದರೆ ಯೋಚಿಸಬೇಕು. ಈಗಾಗಲೇ ಅಂಥದ್ದು ಹಾಕುತ್ತಿದ್ದು, ನಾಯಿ ಬೇಗ ದಣಿಯುತ್ತಿದ್ದರೆ, ಕೆಮ್ಮುತ್ತಿದ್ದರೆ, ಎದ್ದುಬಿದ್ದು ಉಸಿರಾಡುತ್ತಿದ್ದರೆ, ಮೂರ್ಛೆ ಹೋದರೆ ಕಾಯಬೇಡಿ, ಹೃದಯದ ಸ್ಕ್ಯಾನ್ ಮಾಡಿಸಿ.

ಅಲರ್ಜಿ ಇದ್ದರೆ?

ಇರುತ್ತದೆ. ಆದರೆ ಆಹಾರದ ಅಲರ್ಜಿ ಇದ್ದ 297 ನಾಯಿಗಳ ದಾಖಲೆ ಒಟ್ಟು ಮಾಡಿ 2016ರಲ್ಲಿ ಪ್ರಕಟವಾದ ವಿಮರ್ಶೆ ನೋಡಿ: ಶೇ 34ಕ್ಕೆ ದನದ ಮಾಂಸ, ಶೇ 17ಕ್ಕೆ ಹಾಲಿನ ಪದಾರ್ಥ, ಶೇ 15ಕ್ಕೆ ಕೋಳಿ, ಶೇ 13ಕ್ಕೆ ಗೋಧಿ. ಅಕ್ಕಿ ಶೇ 2 ಮಾತ್ರ. ಐರಿಷ್ ಸೆಟರ್ ತಳಿಯ ಕೆಲವು ನಾಯಿಗಳಿಗೆ ಗ್ಲುಟೆನ್ ನಿಜವಾಗಿಯೂ ಆಗಲ್ಲ. ಜೋಳದಲ್ಲಿ ಗ್ಲುಟೆನ್ನೇ ಇಲ್ಲ!

ನಿರ್ಧಾರಕ್ಕೆ ದಾರಿ ಒಂದೇ. ಮೊದಲು ಚಿಗಟ, ಉಣ್ಣೆ, ಕಜ್ಜಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ವೈದ್ಯರ ಸಲಹೆ ಪಡೆದು ನಾಯಿ ಹಿಂದೆ ತಿಂದಿರದ ಒಂದು ಮಾಂಸ, ಒಂದು ಪಿಷ್ಟ ಮಾತ್ರ ಎಂಟು ವಾರ ಹಾಕಿ. ನಡುವೆ ಬಿಸ್ಕತ್ತು, ರೊಟ್ಟಿ ಚೂರು ಏನೂ ಇಲ್ಲ. ಕೆರೆತ ಕಮ್ಮಿಯಾದರೆ ಹಳೆಯ ಊಟ ಮತ್ತೆ ಕೊಡಬೇಕು. ಕೆರೆತ ಮರಳಿ ಬಂದರೆ ಮಾತ್ರ ಅದು ಆಹಾರದ ಅಲರ್ಜಿ. ಈ ಕೊನೇ ಹೆಜ್ಜೆಯನ್ನೇ ಎಲ್ಲರೂ ಬಿಡ್ತಾರೆ. ಬಿಟ್ಟವರು ಜೀವಮಾನವಿಡೀ ದುಬಾರಿ ಚೀಲ ಕೊಳ್ತಾರೆ.

ನಮ್ಮ ಜಿಲ್ಲೆಯ ಸಾಕ್ಷಿ

ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲಿ ಬಂತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೊಗಳಿದರು. ಇಷ್ಟು ಹೊಗಳಿಕೆ ಪಡೆದ ತಳಿಯನ್ನು ಇಲ್ಲಿನ ರೈತರು ಸಾಕಿದ್ದು ಜೋಳ, ಗೋವಿನಜೋಳ, ಗೋಧಿ, ಹಾಲು, ತತ್ತಿಯ ಮೇಲೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದ ದೇಶದಲ್ಲೇ, ನಾಯಿಗೆ ಧಾನ್ಯ ಹಾಕೋದು ಅಂದರೆ ಬಡವರ ಅಜ್ಞಾನ ಅನ್ನುವಂತೆ ಮಾತಾಡ್ತಾರೆ. ಅಮೆರಿಕದ ಎಷ್ಟೋ ನಾಯಿ ಆಹಾರಗಳ ಪಟ್ಟಿಯಲ್ಲಿ ‘ಸೋರ್ಗಮ್’ ಅಂತ ಇರುತ್ತದೆ. ಅದು ನಮ್ಮ ಜೋಳವೇ.

ಆದರೆ ಅಭಿಮಾನಕ್ಕೆ ಬಿದ್ದು ಬರೀ ರೊಟ್ಟಿ ಹಾಕಿದರೆ ಅದೂ ತಪ್ಪು. ಜೋಳದಲ್ಲಿ ಪ್ರೋಟೀನ್ ಸಾಲದು, ಅದರಲ್ಲೂ ಲೈಸಿನ್ ಕಮ್ಮಿ, ಕ್ಯಾಲ್ಸಿಯಂ ಇನ್ನೂ ಕಮ್ಮಿ. ರೊಟ್ಟಿ-ನೀರು ಕುಡಿದು ಬೆಳೆದ ಮರಿಗಳ ಕಾಲು ಸೊಟ್ಟಗಾಗೋದನ್ನು ಹಳ್ಳಿಗಳಲ್ಲಿ ನೋಡಿದ್ದೇನೆ. ತತ್ತಿ, ಮಾಂಸ, ಮೀನು, ಹಾಲು ಅರಗುವ ನಾಯಿಗೆ ಹಾಲು ಸೇರಬೇಕು. ಮರಿಗಳಿಗಂತೂ ಕ್ಯಾಲ್ಸಿಯಂ ಲೆಕ್ಕವನ್ನು ವೈದ್ಯರ ಹತ್ತಿರವೇ ಕೇಳಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಚಟ್ನಿ ಬೇಡ, ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಪ್ಯಾಕೆಟ್ಟೇ ಅನುಕೂಲ ಅನ್ನುವವರು ಮುಂಬದಿ ಬಿಟ್ಟು ಹಿಂಬದಿ ನೋಡಿ. ಯಾವ ವಯಸ್ಸಿನ ನಾಯಿಗೆ ‘ಸಂಪೂರ್ಣ, ಸಮತೋಲಿತ’ ಅಂತ ಬರೆದಿದೆಯೇ, ಮೊದಲ ಐದು ಪದಾರ್ಥಗಳಲ್ಲಿ ಎಷ್ಟು ಬೇಳೆಕಾಳಿದೆ ಅನ್ನೋದು ಮುಖ್ಯ. ಬಟಾಣಿ, ಬಟಾಣಿ ಪ್ರೋಟೀನ್, ಬಟಾಣಿ ನಾರು ಅಂತ ಒಂದನ್ನೇ ಮೂರಾಗಿ ಒಡೆದು ಪಟ್ಟಿಯಲ್ಲಿ ಕೆಳಗೆ ತಳ್ಳಿರುತ್ತಾರೆ, ಕೂಡಿಸಿ ಓದಿ. ನಮ್ಮ ಆಹಾರ ಸುರಕ್ಷತೆ ಕಾಯ್ದೆ, 2006 ‘ಆಹಾರ’ದ ವ್ಯಾಖ್ಯೆಯಿಂದ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದೆ. ಬಿಸ್ಕತ್ತಿನ ಪೊಟ್ಟಣದ ಬಗ್ಗೆ ಕೇಳಬಹುದಾದ ಪ್ರಶ್ನೆಯನ್ನು ಆ ಕಾಯ್ದೆ ಹಿಡಿದು ನಾಯಿ ಆಹಾರದ ಬಗ್ಗೆ ಕೇಳೋಕಾಗಲ್ಲ. ನಗರಗಳಲ್ಲಿ ಈ ಮಾರುಕಟ್ಟೆ ಬೆಳೆಯುತ್ತಲೇ ಇದೆ. ಶಾಸಕರನ್ನೋ ಸಂಸದರನ್ನೋ ಕೇಳಬೇಕಾದ ಪ್ರಶ್ನೆ ಇದು.

ಮುಧೋಳ ತಳಿ ಸಾಕಿದವರು ತಿಮ್ಮಾಪುರದಲ್ಲಿರುವ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ಆಹಾರದ ಬಗ್ಗೆ ಕೇಳಬಹುದು. ಕರಿಯನಿಗೆ ಈಗ ಬೆಳಿಗ್ಗೆ ಜೋಳದ ನುಚ್ಚು, ಒಂದು ತತ್ತಿ. ಸಂಜೆ ರೊಟ್ಟಿ ಜೊತೆ ಬೇಯಿಸಿದ ಕೋಳಿ, ವೈದ್ಯರು ಹೇಳಿದ ಕ್ಯಾಲ್ಸಿಯಂ ಪುಡಿ. ಚಿಗಟದ ಔಷಧಿ ತಿಂಗಳಿಗೊಮ್ಮೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.