ಗಾಯದ ಪಟ್ಟಿಗಳ ಪರೀಕ್ಷೆ

ಗಾಯಕ್ಕೆ ಕಟ್ಟುವ ಪಟ್ಟಿ ಎಷ್ಟು ದ್ರವ ಹೀರುತ್ತದೆ, ನೆನೆದ ಮೇಲೂ ಎಷ್ಟು ಗಟ್ಟಿಯಾಗಿರುತ್ತದೆ, ರೋಗಾಣುಗಳನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಅಳೆಯುವ ವಿಧಾನಗಳು. ಬೇರೆ ಬೇರೆ ಕಾಲದ ಪರೀಕ್ಷೆಗಳು ‘ಹೀರುವಿಕೆ’ ಎಂಬ ಒಂದೇ ಹೆಸರಿನಲ್ಲಿ ಬಳಕೆಯಲ್ಲಿರುವುದರಿಂದ ಆಕರಗಳಲ್ಲಿನ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು.

ಶಸ್ತ್ರವೈದ್ಯ ಲಿಸ್ಟರ್ ಗಾಯದ ರೋಗಾಣು ತಡೆಗೆ ಕಾರ್ಬಾಲಿಕ್ ಆಮ್ಲದ ಬಳಕೆಯನ್ನು 1867ರಲ್ಲಿ ಪ್ರಕಟಿಸಿದ. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಗ್ಯಾಂಜಿ, ಮೇಣ ತೆಗೆದ ಹತ್ತಿಯನ್ನು ಗಾಜ್ ಬಟ್ಟೆಯ ನಡುವೆ ಇರಿಸಿದ. ಮೇಣವಿದ್ದರೆ ಹತ್ತಿ ನೀರಿನಲ್ಲಿ ತೇಲುತ್ತದೆ. ಔಷಧಕೋಶಗಳ ಪರೀಕ್ಷೆಯ ಬುನಾದಿಯೇ ಇದು. ತಾಮ್ರದ ತಂತಿಬುಟ್ಟಿಯಲ್ಲಿ 5 ಗ್ರಾಂ ಹತ್ತಿ ತುಂಬಿ 10 ಮಿ.ಮೀ. ಎತ್ತರದಿಂದ ನೀರಿಗೆ ಬಿಟ್ಟರೆ 10 ಸೆಕೆಂಡಿನೊಳಗೆ ಮುಳುಗಬೇಕು. ಪ್ರತಿ ಗ್ರಾಂ ಹತ್ತಿ ಕನಿಷ್ಠ 23 ಗ್ರಾಂ ನೀರು ಹಿಡಿಯಬೇಕು.

ತೇವವಿದ್ದರೆ ಗಾಯ ಬೇಗ ಮಾಯುತ್ತದೆಂದು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ತೋರಿಸಿದ ಬಳಿಕ ಫೋಮ್, ಆಲ್ಜಿನೇಟ್ ಪಟ್ಟಿಗಳು ಹೆಚ್ಚಿದವು. ಇವಕ್ಕೆ ಬರೀ ನೀರಿನ ಪರೀಕ್ಷೆ ಸಾಲದು. ಕಡಲಕಳೆಯಿಂದ ಬರುವ ಕ್ಯಾಲ್ಸಿಯಂ ಆಲ್ಜಿನೇಟ್ ಲೋಳೆಯಾಗಲು ಗಾಯದ ರಸಿಕೆಯಲ್ಲಿನ ಸೋಡಿಯಂ ಬೇಕು. ಹಾಗಾಗಿ 2002ರ ಯುರೋಪಿನ ಮಾನಕ ಇಎನ್ 13726-1 ಸೋಡಿಯಂ-ಕ್ಯಾಲ್ಸಿಯಂ ದ್ರಾವಣವನ್ನು ಗೊತ್ತುಮಾಡಿತು: ಪಟ್ಟಿಯ ತೂಕದ 40 ಪಟ್ಟು ದ್ರಾವಣ, 37 ಡಿಗ್ರಿ ಶಾಖ, 30 ನಿಮಿಷ, ಆಮೇಲೆ ತೂಗುಹಾಕಿ, ಬಸಿದು, ತೂಕ. ಇಲ್ಲಿ ಪಟ್ಟಿಯ ಮೇಲೆ ಯಾವ ಒತ್ತಡವೂ ಇಲ್ಲ. ಕಾಲಿನ ಹುಣ್ಣಿಗೆ ಬಿಗಿಯಾಗಿ ಸುತ್ತಿದ ಫೋಮ್ ಅಷ್ಟೇ ಹಿಡಿದೀತೆಂದು ಈ ಅಂಕಿಯಿಂದ ಹೇಳಲಾಗದು. ಜಾಹೀರಾತುಗಳು ಮಾತ್ರ ಅದನ್ನೇ ಮುಂದಿಡುತ್ತವೆ.

ಗಟ್ಟಿತನದ ಚರಿತ್ರೆ ಇಷ್ಟು ವಿವರವಾಗಿ ಬರೆಯಲ್ಪಟ್ಟಿಲ್ಲ. ನೇಯ್ದ ಗಾಜ್ ಬಟ್ಟೆಯಲ್ಲಿ ಹಾಸು, ಹೊಕ್ಕುಗಳ ಎಳೆ ಎಣಿಸಿ ತೂಕ ನೋಡುವುದು ರೂಢಿ; ಎಳೆದು ಹರಿಯುವ ಯಂತ್ರ ಅದಕ್ಕೆ ಪೂರಕ. ಒಣ ಪಟ್ಟಿಯನ್ನಷ್ಟೇ ಎಳೆದರೆ ಎಡವಟ್ಟು: ಹತ್ತಿ ನೆನೆದರೆ ಇನ್ನೂ ಗಟ್ಟಿ, ವಿಸ್ಕೋಸ್ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಗಾಮಾ ಕಿರಣದ ಕ್ರಿಮಿಶುದ್ಧಿಯೂ ಸೆಲ್ಯುಲೋಸನ್ನು ಸಡಿಲಿಸುತ್ತದೆ. ಔಷಧದ ಲೇಪ ನೂಲಿನ ನಡುವಿನ ಸಂದು ಮುಚ್ಚಿ ಹೀರುವಿಕೆಯನ್ನು ತಗ್ಗಿಸಬಹುದು. ಆದ್ದರಿಂದ ಲೇಪ, ಶುದ್ಧಿ ಮುಗಿದ ಪಟ್ಟಿಯನ್ನೇ ಪರೀಕ್ಷಿಸಬೇಕು.

ರೋಗಾಣುನಾಶದ ಅಳತೆ ಹೆಚ್ಚು ವಿವಾದದ್ದು. ಸುಟ್ಟಗಾಯಕ್ಕೆ 0.5% ಸಿಲ್ವರ್ ನೈಟ್ರೇಟ್ 1965ರಲ್ಲಿ, ಸಿಲ್ವರ್ ಸಲ್ಫಡಯಾಜಿನ್ 1968ರಲ್ಲಿ ಬಂದವು. ಅಗಾರ್ ತಟ್ಟೆಯ ಮೇಲಿಟ್ಟ ಪಟ್ಟಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಔಷಧ ಎಷ್ಟು ದೂರ ಹರಡಿತೆಂದು ತೋರಿಸುತ್ತದೆ, ಎಷ್ಟು ಕೊಂದಿತೆಂದಲ್ಲ. ಕ್ಲೋರೈಡ್ ಸಿಕ್ಕರೆ ಬೆಳ್ಳಿ ಗಷ್ಟಾಗುವುದರಿಂದ ವಲಯ ಕಿರಿದಾಗುತ್ತದೆ. ಹಾಗಾಗಿ ಬದುಕುಳಿದ ಬ್ಯಾಕ್ಟೀರಿಯಾ ಎಣಿಸುವ ಐಎಸ್‌ಒ 20743ರಂಥ ಜವಳಿ ವಿಧಾನಗಳು ಬಳಕೆಗೆ ಬಂದವು. ರೋಗಾಣುನಾಶಕ ಪಟ್ಟಿಗಳಿಗೇ ಮೀಸಲಾದ ಮಾನಕ ಇಎನ್ 16756 ಬಂದದ್ದು 2024ರಲ್ಲಿ.

ಭಾರತದಲ್ಲಿ 1945ರ ಔಷಧ ನಿಯಮಗಳ ಅನುಸೂಚಿ ಎಫ್-2 ಬ್ಯಾಂಡೇಜ್, ಗಾಜ್‌ಗಳ ಗುಣಮಟ್ಟ ಗೊತ್ತುಮಾಡಿತ್ತು. 2017ರ ವೈದ್ಯಕೀಯ ಸಾಧನ ನಿಯಮಗಳು ಅದರ ನಂತರ ಬಂದವು. ವೈದ್ಯಕೀಯ ಜವಳಿಯ ಉತ್ಕೃಷ್ಟತಾ ಕೇಂದ್ರ ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾದಲ್ಲಿದೆ. 1904ರಿಂದ ವಿದ್ಯುತ್ ಮಗ್ಗ ಕಂಡ ಇನ್ನೊಂದು ಜವಳಿ ಊರು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ. ಅಲ್ಲಿನ ಡಿಕೆಟಿಇ ಸಂಸ್ಥೆಗೆ ನೇಯದ ಬಟ್ಟೆಗಳ ಕೇಂದ್ರದ ಹೊಣೆಯಿದೆ.